ನೊಂದವರಿಗೆ ಅಭಯ: ಕ್ರಿ.ಶ. 1368ರ ಬೆಳಗೊಳದ ಶಾಸನವನ್ನು ಮತ್ತೊಮ್ಮೆ ಓದಿದಾಗ

ಶ್ರವಣಬೆಳಗೊಳದ ಭಂಡಾರಿ ಬಸದಿಗೆ ಬರುವ ಯಾತ್ರಿಕರು ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳ ಮುಂದೆ ಕೈಮುಗಿದು, ಪ್ರದಕ್ಷಿಣೆ ಮುಗಿಸಿ ಹಿಂದಿರುಗುವುದು ವಾಡಿಕೆ. ಹೊಯ್ಸಳ ದೊರೆ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳರಾಜನು ಕ್ರಿ.ಶ. 1159ರಲ್ಲಿ ಕಟ್ಟಿಸಿದ ಈ ಜಿನಾಲಯದಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ ಶಿಲಾಶಾಸನವೊಂದಿದೆ. ಶಕ 1290ನೆಯ ಕೀಲಕ ಸಂವತ್ಸರದ ಭಾದ್ರಪದ ಮಾಸದ, ಎಂದರೆ ಕ್ರಿ.ಶ. 1368ರ ಈ ಶಾಸನವನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಸಂಪುಟದಲ್ಲಿ ಮತ್ತೊಮ್ಮೆ ಪರಿಶೀಲಿಸಿ ಅಚ್ಚು ಹಾಕಿಸಿದರು. ಅಂದಿನಿಂದ ಇದು ಸರ್ವಧರ್ಮ ಸಮನ್ವಯದ ಶಾಸನವೆಂದು ಹೆಸರಾಗಿದೆ. ಸಭೆ ಸಮಾರಂಭಗಳಲ್ಲಿ ಭಾಷಣ ಮಾಡುವವರು ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ ಪ್ರಸಂಗವನ್ನು ತಪ್ಪದೆ ಉದಾಹರಿಸುತ್ತಾರೆ.

ಪ್ರಸಂಗವು ಸುಂದರವಾದುದೇ ಸರಿ. ಆದರೆ ಅದನ್ನಷ್ಟೇ ಎತ್ತಿಕೊಂಡು ಮುಂದೆ ಸಾಗುವುದರಿಂದ ಶಾಸನದ ಹುಟ್ಟಿಗೆ ಕಾರಣವಾದ ಸಂಗತಿ ಮರೆಗೆ ಸರಿಯುತ್ತದೆ. ಈ ಶಾಸನವು ಉತ್ಸವದ ದಿನ ಹುಟ್ಟಿದುದಲ್ಲ; ಒಂದು ದೂರಿನಿಂದ ಹುಟ್ಟಿದುದು. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ಸಂವಾದ ಉಂಟಾಗಿ, ಭಕ್ತರಿಂದ ತಮಗೆ ಅನ್ಯಾಯವಾಗಿದೆಯೆಂದು ಭವ್ಯಜನರು ಅರಸನಲ್ಲಿ ಬಿನ್ನಹ ಮಾಡಿಕೊಂಡರೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅರಸನು ನೊಂದ ಪಕ್ಷಕ್ಕೆ ಏನನ್ನು ಮಾಡಿಕೊಟ್ಟನು, ಯಾರ ಮೂಲಕ ಮಾಡಿಸಿದನು, ಅದಕ್ಕೆ ಹಣ ಎಲ್ಲಿಂದ ಬಂದಿತು, ಉಳಿದ ಹಣ ಎತ್ತ ಹೋಗಬೇಕೆಂದು ಗೊತ್ತಾಯಿತು ಎಂಬ ವಿವರಗಳು ಶಾಸನದ ಮಧ್ಯಭಾಗದಲ್ಲಿವೆ. ಭಾಷಣಕಾರರು ಸಾಮಾನ್ಯವಾಗಿ ಬಿಟ್ಟುಬಿಡುವುದು ಈ ಭಾಗವನ್ನೇ. ಲೆಕ್ಕಪತ್ರ ಬಲ್ಲವರ ಕಣ್ಣಿಗೆ ಮಾತ್ರ ಮೊದಲು ಬೀಳುವುದು ಅದು.

ಬಿನ್ನಹ ಮಾಡಿದವರು ಒಂದು ಊರಿನವರಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಇವು ಮೊದಲಾದ ಸಮಸ್ತ ನಾಡುಗಳ ಭವ್ಯಜನರು ಕೂಡಿ ಬಂದರು. ಈ ಕಲ್ಲೆಹವೇ ಇಂದಿನ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲಿಯೂ ಇದೇ ತೀರ್ಪನ್ನು ಸಾರುವ ಕಲ್ಲು ದೊರೆತಿದೆ. ಒಂದು ಊರಿನಲ್ಲಿ ನೋವಾದರೆ ಬೇರೆ ಊರಿನವರು ಅದು ಅವರವರ ಪಾಡೆಂದು ಸುಮ್ಮನಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಪೆನುಗೊಂಡೆ ಎಲ್ಲಿ, ಮಾಗಡಿ ಸೀಮೆಯ ಕಲ್ಯವೆಲ್ಲಿ! ಎತ್ತಿನ ಗಾಡಿಯ, ಕಾಲುನಡಿಗೆಯ ಆ ಕಾಲದಲ್ಲಿ ಇಷ್ಟು ದೂರದ ಊರುಗಳವರು ಒಂದೇ ಬಿನ್ನಹದಡಿ ನಿಲ್ಲಬೇಕಾದರೆ ಎಷ್ಟು ಓಡಾಟ, ಎಷ್ಟು ಸಮಾಲೋಚನೆ ನಡೆದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಆ ಅನ್ಯಾಯವು ಯಾವ ಬಗೆಯದೆಂದು ಶಾಸನವು ಬಿಡಿಸಿ ಹೇಳುವುದಿಲ್ಲ. ಇದು ಉದ್ದೇಶಪೂರ್ವಕವಾದ ಸಂಯಮವೆಂದು ತೋರುತ್ತದೆ. ಕಲ್ಲಿನಲ್ಲಿ ಕೊರೆದ ಆಪಾದನೆ ಅಳಿಯುವುದಿಲ್ಲ. ಮುಂದೆ ಒಟ್ಟಿಗೆ ಬಾಳಬೇಕಾದ ಎರಡು ಪಕ್ಷಗಳ ನಡುವೆ ಅದು ತಲೆಮಾರುಗಳವರೆಗೆ ಕಣ್ಣು ಕುಕ್ಕುತ್ತಿರುತ್ತದೆ. ಆದರೆ ಕೊಟ್ಟ ಮದ್ದಿನಿಂದ ಗಾಯವನ್ನು ತಕ್ಕಮಟ್ಟಿಗೆ ಊಹಿಸಬಹುದು. ಜೈನ ದರ್ಶನಕ್ಕೆ ಹಿಂದಿನಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕದ್ದೆಂದು ಅರಸನು ವಿಧಿಸಿದನು. ಹಾಗಿದ್ದಲ್ಲಿ ಅವು ನಡುವೆ ತಪ್ಪಿಹೋಗಿದ್ದಿರಬೇಕು, ಇಲ್ಲವೆ ಅವುಗಳಿಗೆ ಅಡ್ಡಿ ಬಂದಿರಬೇಕು. ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ಇಡಬೇಕೆಂದು ಗೊತ್ತಾಯಿತು. ಭಯವಿಲ್ಲದ ಕಡೆ ಕಾವಲಿನ ಮಾತು ಬರುವುದಿಲ್ಲ. ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಹೇಳಿತು. ಆದಾಯ ಕುಗ್ಗಿ, ಒಕ್ಕಲು ಹಿಂಜರಿದು, ಬಸದಿಗಳು ಅನಾದರಕ್ಕೆ ಈಡಾಗಿದ್ದ ಚಿತ್ರ ಇಲ್ಲಿ ಕಾಣುತ್ತದೆ. ಗೌರವಕ್ಕೆ ಕುಂದು, ಜೀವಕ್ಕೆ ಭಯ, ಸ್ವತ್ತಿಗೆ ನಷ್ಟ: ಅಪರಾಧಕ್ಕೆ ಗುರಿಯಾದವರ ಪಾಡು ಯಾವ ಶತಮಾನದಲ್ಲಾದರೂ ಈ ಮೂರರಲ್ಲಿಯೇ ಇರುತ್ತದೆ.

ಅರಸನು ವಿಚಾರಣೆ ನಡೆಸಿದ ಬಗೆಯೂ ಗಮನಾರ್ಹ. ಜೈನರನ್ನು ಒಳಗೆ ಕರೆದು ಸಮಾಧಾನ ಹೇಳಿ ಕಳುಹಿಸಲಿಲ್ಲ. ಕೋಯಿಲ್ ಎಂದರೆ ಶ್ರೀರಂಗ, ತಿರುಮಲೆ, ಪೆರುಮಾಳ್ ಕೋಯಿಲ್ ಎಂದರೆ ಕಂಚಿ, ತಿರುನಾರಾಯಣಪುರ ಎಂದರೆ ಮೇಲುಕೋಟೆ, ಇವು ಮುಖ್ಯವಾದ ಸ್ಥಾನಗಳ ಆಚಾರ್ಯರೂ, ಹದಿನೆಂಟು ನಾಡಿನ ಶ್ರೀವೈಷ್ಣವರೂ, ತಿರುಕುಲ ಜಾಂಬವಕುಲದವರೂ ಆ ಸಭೆಯಲ್ಲಿದ್ದರು. ಅವರೆಲ್ಲರ ಸಮಕ್ಷದಲ್ಲಿ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟನು. ಮುಂದಿನ ಮಾತು ಅದಕ್ಕಿಂತಲೂ ತೂಕವುಳ್ಳದ್ದು. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ, ಅದನ್ನು ತಮ್ಮ ದರ್ಶನಕ್ಕೆ ಆದ ಹಾನಿವೃದ್ಧಿಯೆಂದೇ ವೈಷ್ಣವರು ಎಣಿಸತಕ್ಕದ್ದು. ರಾಜ್ಯದ ಸಕಲ ಬಸದಿಗಳಲ್ಲಿ ಈ ಕಟ್ಟಳೆಯ ಶಾಸನವನ್ನು ನಿಲ್ಲಿಸುವ ಹೊಣೆಯೂ ಅವರದ್ದೇ.

ಈ ಏರ್ಪಾಟಿನ ಮರ್ಮ ಸೂಕ್ಷ್ಮವಾದುದು. ಜಗಳದ ನ್ಯಾಯ ಹೇಳುವವರು ಸಾಮಾನ್ಯವಾಗಿ ಇಬ್ಬರಿಗೂ ಸಮವಾಗಿ ಬುದ್ಧಿ ಹೇಳಿ ಕೈತೊಳೆದುಕೊಳ್ಳುತ್ತಾರೆ. ಬುಕ್ಕರಾಯನು ಹಾಗೆ ಮಾಡಲಿಲ್ಲ. ಬಲವುಳ್ಳ ಪಕ್ಷವನ್ನು ಶಿಕ್ಷಿಸಿ ಅವಮಾನಿಸಲೂ ಇಲ್ಲ, ದುರ್ಬಲ ಪಕ್ಷವನ್ನು ಸಹಿಸಿಕೊಳ್ಳಿರೆಂದು ಹಿಂದಕ್ಕೆ ಕಳುಹಿಸಲೂ ಇಲ್ಲ. ನೋವುಂಟಾದುದು ಯಾವ ಕಡೆಯಿಂದಲೋ ಆ ಕಡೆಯ ಹಿರಿಯರನ್ನೇ ನೊಂದವರ ರಕ್ಷಣೆಗೆ ಎಲ್ಲರೆದುರು ಹೊಣೆ ಮಾಡಿದನು. ಆ ಆಚಾರ್ಯರು ಇದಕ್ಕೆ ಒಪ್ಪಿದರೆಂಬುದು ಅವರ ಹಿರಿಮೆಯನ್ನೂ ತೋರಿಸುತ್ತದೆ. ಶಾಸನವು ಆರಂಭವಾಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ. ಜಿನಾಲಯದಲ್ಲಿ ನಿಂತಿರುವ ಕಲ್ಲಿನ ಮೇಲೆ ಆ ಸ್ತುತಿ ಇಂದಿಗೂ ಇದೆ.

ಇನ್ನು ಹಣದ ವಿಷಯ. ರಾಜ್ಯದ ಜೈನರು ಬಾಗಿಲುಗಟ್ಟಳೆಯಲ್ಲಿ ಮನೆಮನೆಗೆ ವರ್ಷಕ್ಕೆ ಒಂದು ಹಣವನ್ನು ಕೊಡಬೇಕು. ವಿಜಯನಗರದ ನಾಣ್ಯಪದ್ಧತಿಯಲ್ಲಿ ಹತ್ತು ಹಣಕ್ಕೆ ಒಂದು ವರಹ. ಆದುದರಿಂದ ಒಂದು ಹಣವು ತೀರ ಭಾರವೂ ಅಲ್ಲ, ಲೆಕ್ಕಕ್ಕೆ ಬಾರದ ಕಾಸೂ ಅಲ್ಲ. ಹೀಗೆ ಕೂಡಿದ ಹೊನ್ನಿನಿಂದ ತಿರುಮಲೆಯ ತಾತಯ್ಯನವರು ಸಮಸ್ತ ಭವ್ಯಜನರ ಅನುಮತದಿಂದ ಬೆಳಗೊಳದ ತೀರ್ಥದಲ್ಲಿ ಇಪ್ಪತ್ತು ಕಾವಲಾಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಸೂರ್ಯಚಂದ್ರರಿರುವವರೆಗೂ ಇದು ವರ್ಷವರ್ಷವೂ ತಪ್ಪದೆ ನಡೆಯಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅನ್ಯಾಯಕ್ಕೆ ಒಳಗಾದವರು ಜೈನರು. ಕಾವಲಿನ ಖರ್ಚನ್ನು ಕೊಟ್ಟವರೂ ಜೈನರೇ. ನೊಂದವನೇ ತನ್ನ ರಕ್ಷಣೆಯ ಬೆಲೆ ತೆರುವುದು ನ್ಯಾಯವೇ? ಕಟ್ಟುನಿಟ್ಟಾಗಿ ನೋಡಿದರೆ ಅಲ್ಲ. ಅರಮನೆಯ ಭಂಡಾರದಿಂದ ಈ ವೆಚ್ಚ ಬಂದಿದ್ದರೆ ತೀರ್ಪು ಇನ್ನಷ್ಟು ಪೂರ್ಣವಾಗುತ್ತಿತ್ತು. ಆದರೆ ಹೊರೆಯನ್ನು ಹಂಚಿದ ಕ್ರಮವನ್ನು ನೋಡಬೇಕು. ಪೆಟ್ಟು ಬಿದ್ದ ಊರಿನವರ ಮೇಲೆ ಮಾತ್ರ ಅದನ್ನು ಹೊರಿಸಲಿಲ್ಲ. ಇಡೀ ರಾಜ್ಯದ ಪ್ರತಿ ಮನೆಯೂ, ಯಾವ ತೊಂದರೆಯನ್ನೂ ಕಾಣದ ಮನೆಯೂ, ಒಂದು ಹಣ ಕೊಟ್ಟಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ವಿಮೆಯ ತತ್ತ್ವ: ಕೆಲವರಿಗೆ ಬಂದೊದಗುವ ನಷ್ಟವನ್ನು ಎಲ್ಲರೂ ಸ್ವಲ್ಪ ಸ್ವಲ್ಪವಾಗಿ ಹೊರುವುದು. ವೆಚ್ಚ ಮಾಡುವ ಅಧಿಕಾರವು ಎದುರು ಪಕ್ಷದ ಆಚಾರ್ಯರ ಕೈಯಲ್ಲಿದ್ದರೂ, ಭವ್ಯಜನರ ಅನುಮತವಿಲ್ಲದೆ ಅದು ನಡೆಯುವಂತಿರಲಿಲ್ಲ. ಕಾವಲು ಮೊದಲು, ಸುಣ್ಣ ಆಮೇಲೆ ಎಂಬ ಕ್ರಮವೂ ಸ್ಪಷ್ಟವಾಗಿದೆ. ಭಯ ನಿವಾರಣೆಗೆ ತೆಗೆದಿಟ್ಟು ಉಳಿದುದೇ ಕಟ್ಟಡಕ್ಕೆ. ಇಂದಿನ ಬಸದಿ ಟ್ರಸ್ಟುಗಳ ಆಯವ್ಯಯ ಪಟ್ಟಿಗಳಲ್ಲಿ ಈ ಕ್ರಮ ಎಷ್ಟು ಕಡೆ ತಿರುಗುಮುರುಗಾಗಿದೆಯೆಂಬುದನ್ನು ಧರ್ಮದರ್ಶಿಗಳೇ ನೋಡಿಕೊಳ್ಳಬಹುದು.

ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ. ಒಬ್ಬರಿಗೆ ಮಾಡಿದ ಕೇಡನ್ನು ಮೂವರಿಗೆ ಬಗೆದ ದ್ರೋಹವೆಂದು ಎಣಿಸುವ ಈ ಮಾತಿನಿಂದ ನೊಂದವನ ಒಂಟಿತನ ಅರ್ಧ ಕಳೆಯುತ್ತದೆ.

ನೊಂದವರ ಅಗತ್ಯವನ್ನು ಗಮನಿಸುವುದು ಬುಕ್ಕರಾಯನೊಬ್ಬನ ಔದಾರ್ಯವಾಗಿರಲಿಲ್ಲ. ಈ ನೆಲದ ನ್ಯಾಯಪದ್ಧತಿಯಲ್ಲಿ ಅದಕ್ಕೆ ಬೇರುಗಳಿದ್ದುವು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಕಳ್ಳರು ಒಯ್ದ ದ್ರವ್ಯವನ್ನು ಅರಸನು ಪ್ರಜೆಗೆ ದೊರಕಿಸಿಕೊಡಬೇಕು, ಕೊಡದಿದ್ದರೆ ಪಾಪವು ಅವನಿಗೇ ಅಂಟುತ್ತದೆಯೆಂದು ಆ ಸ್ಮೃತಿ ಹೇಳುತ್ತದೆ. ಕಳವು ಮಾಲು ಸಿಕ್ಕದಿದ್ದರೆ ರಾಜಕೋಶದಿಂದಲೇ ತುಂಬಿಕೊಡಬೇಕೆಂಬುದು ಗೌತಮ ಧರ್ಮಸೂತ್ರದ ಮತ. ಊರಿನೊಳಗೆ ಕೊಲೆಯೋ ಕಳವೋ ನಡೆದು, ಅಪರಾಧಿಯ ಹೆಜ್ಜೆಯ ಜಾಡು ಊರಿನಿಂದ ಹೊರಗೆ ಹೋದುದನ್ನು ತೋರಿಸಲಾಗದಿದ್ದರೆ ಹೊಣೆ ಗ್ರಾಮಾಧಿಪತಿಯದು. ಇನ್ನೊಬ್ಬನನ್ನು ಹೊಡೆದು ಗಾಯಗೊಳಿಸಿದವನು ಅರಸನಿಗೆ ದಂಡ ತೆತ್ತರೆ ಸಾಲದು. ಗಾಯ ವಾಸಿಯಾಗುವವರೆಗಿನ ಚಿಕಿತ್ಸೆಯ ವೆಚ್ಚವನ್ನೂ ಪ್ರತ್ಯೇಕವಾಗಿ ಕೊಡಬೇಕು. ದಂಡ ಬೇರೆ, ಪರಿಹಾರ ಬೇರೆ ಎಂಬ ಈ ವಿವೇಕವು ಬಹುಕಾಲದ ಹಿಂದೆಯೇ ಇಲ್ಲಿ ಬಂದಿತ್ತು.

ಕನ್ನಡ ಶಾಸನಗಳಲ್ಲಿ ಇದಕ್ಕೆ ಸಾಕ್ಷಿಯಾಗಿ ನೆತ್ತರುಗೊಡಗೆ ಎಂಬ ದತ್ತಿಯಿದೆ. ತುರುಗಳನ್ನು ಹೊಡೆದೊಯ್ಯುವ ದರೋಡೆಗಾರರ ಎದುರು ನಿಂತು ಮಡಿದವನ ಕುಟುಂಬಕ್ಕೆ ಅರಸನೋ ಊರವರೋ ಬಿಟ್ಟುಕೊಟ್ಟ ಭೂಮಿಗೆ ಈ ಹೆಸರು. ನಾಡಿನ ಊರೂರಿನಲ್ಲಿ ಕಾಣುವ ವೀರಗಲ್ಲುಗಳನ್ನು ಶೌರ್ಯದ ಕಲ್ಲುಗಳೆಂದಷ್ಟೇ ತಿಳಿಯುವುದುಂಟು. ಭೂಮಿಯ ವಿವರವನ್ನು ಕೊರೆದ ಕಲ್ಲುಗಳು ಶೌರ್ಯವನ್ನು ಹೊಗಳುವುದರ ಜೊತೆಗೆ, ಮಡಿದವನ ಮನೆಯಲ್ಲಿ ಉಳಿದವರು ನಾಳೆ ಏನನ್ನು ಉಣ್ಣಬೇಕೆಂಬ ಪ್ರಶ್ನೆಗೂ ಉತ್ತರ ಹೇಳುತ್ತವೆ. ಗದ್ದೆ ಎಷ್ಟು, ಬೆದ್ದಲು ಎಷ್ಟು, ಎಲ್ಲೆ ಯಾವುದು ಎಂಬುದು ಹೊಗಳಿಕೆಯಷ್ಟೇ ಮುಖ್ಯವಾಗಿ ಕಂಡಿತ್ತು.

ಬೆಳಗೊಳದ ಒಪ್ಪಂದವಾದ 270 ವರ್ಷಗಳ ನಂತರ ಅಂತಹದೇ ಇನ್ನೊಂದು ಪ್ರಸಂಗ ಹಳೇಬೀಡಿನಲ್ಲಿ ನಡೆಯಿತು. ಗಂಗರಾಜನ ಮಗ ಬೊಪ್ಪನು ಕ್ರಿ.ಶ. 1133ರಲ್ಲಿ ಕಟ್ಟಿಸಿದ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬವರು ಲಿಂಗಮುದ್ರೆಯನ್ನು ಹಾಕಿದರು. ವಿಜಯಪ್ಪನೆಂಬವನು ಅದನ್ನು ಅಳಿಸಿದನು. ವಿವಾದ ಬೆಳೆಯಿತು. ಬೇಲೂರು ಸೀಮೆಯ ಜೈನ ಸೆಟ್ಟಿಗಳು ವೀರಶೈವ ಮಹಾಮಹತ್ತಿನ ಮುಂದೆಯೇ ಬಿನ್ನಹ ಮಾಡಿಕೊಂಡರು. 1638ರ ಶಾಸನದ ಪ್ರಕಾರ, ಆ ಹಿರಿಯರು ಕೂಡಿ ವಿಚಾರಿಸಿ, ಮೊದಲು ವಿಭೂತಿ ವೀಳ್ಯವನ್ನು ಸಲ್ಲಿಸಿ ಆಮೇಲೆ ಜೈನರು ಪೂರ್ವದ ಮರ್ಯಾದೆಯಂತೆ ಪೂಜೆ, ಅಭಿಷೇಕ, ದೀಪಾರಾಧನೆಗಳನ್ನು ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದೆಂದು ತೀರ್ಮಾನಿಸಿದರು. ಇದಕ್ಕೆ ಅಡ್ಡಿ ಮಾಡುವ ವೀರಶೈವನು ಲಿಂಗಜಂಗಮಗಳಿಗೆ ದ್ರೋಹ ಬಗೆದವನೆಂದು ತಮ್ಮವರಿಗೆ ತಾವೇ ಶಾಪದ ಮಾತನ್ನು ಬರೆಸಿದರು.

ಈ ತೀರ್ಮಾನದಲ್ಲಿ ಜೈನರಿಗೆ ಪೂಜೆಯ ಹಕ್ಕು ಮರಳಿತು. ಆದರೆ ಅದಕ್ಕೊಂದು ನಿಬಂಧನೆಯೂ ಸೇರಿಕೊಂಡಿತು. ತಮ್ಮ ಬಸದಿಯಲ್ಲಿ ಪೂಜೆ ಮಾಡುವುದಕ್ಕೆ ಮೊದಲು ಬೇರೊಂದು ಮತದ ಚಿಹ್ನೆಗೆ ಮನ್ನಣೆ ಸಲ್ಲಿಸುವುದನ್ನು ಆ ಸೆಟ್ಟಿಗಳು ಎಷ್ಟು ಕಹಿಯಿಂದ ನುಂಗಿಕೊಂಡರೋ ಶಾಸನ ಹೇಳುವುದಿಲ್ಲ. ಬೆಳಗೊಳದಲ್ಲಿ ರಕ್ಷಣೆಯ ಖರ್ಚು ನೊಂದವರ ಮೇಲೆಯೇ ಬಿದ್ದಂತೆ, ಇಲ್ಲಿ ಶಾಂತಿಯ ಬೆಲೆಯಲ್ಲಿ ಒಂದು ಪಾಲು ನೊಂದವರ ಮೇಲೆಯೇ ಬಿದ್ದಿತು. ರಾಜಿಯ ಹೆಸರಿನಲ್ಲಿ ಹೀಗಾಗುವುದು ಅಪರೂಪವಲ್ಲ. ರಾಜಿ ಮಾಡಿಸುವ ಹಿರಿಯರು ಅಂದು ಇಂದು ಎಂದೂ ಎಚ್ಚರದಿಂದಿರಬೇಕಾದ ಸ್ಥಳವಿದು.

ಈ ಎರಡು ಪ್ರಸಂಗಗಳಲ್ಲಿಯೂ ನೊಂದವರು ಬಾಯಿಬಿಟ್ಟು ಹೇಳಿದರು, ಅವರ ಹಿಂದೆ ಸಮಾಜ ನಿಂತಿತು. ಇಂದಿನ ಅನೇಕ ಶ್ರಾವಕ ಕುಟುಂಬಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಅಂಗಡಿಗೆ ಕನ್ನ ಬಿದ್ದರೆ ಮೊದಲು ಕೇಳಿಬರುವ ಪ್ರಶ್ನೆ ಬೀಗ ಯಾವುದು ಹಾಕಿದ್ದಿರಿ ಎಂಬುದು. ಹಣ ಹೂಡಿಸಿಕೊಂಡು ಮೋಸ ಹೋದ ವೃದ್ಧರಿಗೆ ಅತಿಯಾಸೆಯ ಮಾತು. ಹೆಣ್ಣುಮಗಳಿಗೆ ಕೇಡಾದರೆ ಮನೆತನದ ಮರ್ಯಾದೆಯ ನೆಪ, ಆಮೇಲೆ ಮೌನ. ಇವೆಲ್ಲಕ್ಕೂ ಮೇಲೆ ಹೊದಿಸುವ ಹೊದಿಕೆಯೊಂದಿದೆ: ಎಲ್ಲವೂ ಪೂರ್ವಾರ್ಜಿತ ಕರ್ಮ, ಅನುಭವಿಸಿಯೇ ತೀರಬೇಕು ಎಂಬ ಮಾತು.

ಕರ್ಮಸಿದ್ಧಾಂತವನ್ನು ಹೀಗೆ ಬಳಸುವುದು ಶಾಸ್ತ್ರಸಮ್ಮತವಲ್ಲ. ತನ್ನಲ್ಲಾಗಲಿ ಪರರಲ್ಲಾಗಲಿ ದುಃಖ, ಶೋಕ, ಸಂತಾಪ, ಆಕ್ರಂದನಗಳನ್ನು ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದೂ, ಜೀವಿಗಳಲ್ಲಿ ಅನುಕಂಪೆ, ದಾನ, ಕ್ಷಮೆ ಮೊದಲಾದವು ಸಾತಾವೇದನೀಯಕ್ಕೆ ಕಾರಣವೆಂದೂ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ವಿವರಿಸುತ್ತದೆ. ಪೆಟ್ಟು ತಿಂದವನ ಪೂರ್ವಕರ್ಮ ಯಾವುದೆಂಬುದು ಕೇವಲಿಗಳಿಗೆ ಗೋಚರವಾಗಬಹುದಾದ ವಿಷಯ, ಪಕ್ಕದ ಮನೆಯವರಿಗಲ್ಲ. ಪಕ್ಕದ ಮನೆಯವರಿಗೆ ಕಾಣುವುದು ಅವನ ಕಣ್ಣೀರು ಮಾತ್ರ. ಆ ಕಣ್ಣೀರಿನ ಎದುರು ಕರ್ಮದ ಮಾತನಾಡಿ ಅದನ್ನು ಇಮ್ಮಡಿಗೊಳಿಸಿದವನು ತನ್ನ ಲೆಕ್ಕದ ಪುಸ್ತಕದಲ್ಲಿಯೇ ಖರ್ಚನ್ನು ಬರೆದುಕೊಂಡಂತಾಗುತ್ತದೆ.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ನಾಲ್ಕು ಭಾವನೆಗಳು ಬರುತ್ತವೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಹಿತವನ್ನು ಕೇಳದ ಅವಿನೀತರಲ್ಲಿ ಮಾಧ್ಯಸ್ಥ್ಯ. ತಟಸ್ಥತೆಯನ್ನು ಹೇಳಿರುವುದು ಯಾರ ವಿಷಯದಲ್ಲಿ ಎಂಬುದನ್ನು ಗಮನಿಸಬೇಕು. ತಿದ್ದಿದರೂ ತಿದ್ದಿಕೊಳ್ಳದವರ ಮೇಲೆ ದ್ವೇಷವನ್ನು ಇಟ್ಟುಕೊಳ್ಳಬಾರದೆಂಬುದಕ್ಕೆ ಅದು. ನೊಂದವನ ಎದುರು ಕೈಕಟ್ಟಿ ಕುಳಿತುಕೊಳ್ಳುವುದಕ್ಕಲ್ಲ. ಸಮಾಜದ ಪಂಚಾಯಿತಿಗಳಲ್ಲಿ ಎರಡೂ ಕಡೆ ಮಧ್ಯಸ್ಥರಾಗಿದ್ದೇವೆಂದು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಕಾರುಣ್ಯ ಸಲ್ಲಬೇಕಾದವನಿಗೆ ಮಾಧ್ಯಸ್ಥ್ಯವನ್ನು ಕೊಡುವುದು ಒಬ್ಬರ ಖಾತೆಗೆ ಜಮಾ ಆಗಬೇಕಾದುದನ್ನು ಇನ್ನೊಬ್ಬರ ಖಾತೆಗೆ ಬರೆಯುವಂತಹ ತಪ್ಪು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಪೈಕಿ ಅಭಯವನ್ನು ಪ್ರಾಣಿಗಳನ್ನು ಕಟುಕರಿಂದ ಬಿಡಿಸುವುದಕ್ಕೆ ಮಾತ್ರ ಸೀಮಿತಗೊಳಿಸುವ ರೂಢಿಯೂ ಬೆಳೆದಿದೆ. ಅದು ಪುಣ್ಯಕಾರ್ಯವೇ. ಆದರೆ ಕಳ್ಳರು ಬಂದುಹೋದ ಮನೆಯಲ್ಲಿ ರಾತ್ರಿ ಕಣ್ಣು ಮುಚ್ಚಲಾರದೆ ಕುಳಿತ ತಾಯಿಗೂ ಅಭಯವೇ ಬೇಕಾಗಿರುವುದು.

ವರ್ತಕ ಸಮಾಜಕ್ಕೆ ಇನ್ನೂ ಒಂದು ಮಾತು ಅನ್ವಯಿಸುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳನನ್ನು ಪ್ರೇರೇಪಿಸುವುದರ ಜೊತೆಗೆ, ಕಳ್ಳನು ತಂದ ವಸ್ತುವನ್ನು ಕೊಳ್ಳುವುದೂ ಸೇರಿದೆ. ಅಗ್ಗಕ್ಕೆ ಬಂದ ಬೆಳ್ಳಿಬಂಗಾರವನ್ನು ಮೂಲ ಕೇಳದೆ ತೆಗೆದುಕೊಂಡವನು ಯಾವುದೋ ಮನೆಯ ಕಣ್ಣೀರನ್ನು ತೂಕಕ್ಕೆ ಹಾಕಿ ಕೊಂಡವನು. ಬಸದಿಗಳಿಂದ ಕಳವಾದ ಪಂಚಲೋಹದ ಬಿಂಬಗಳಿಗೂ ಎಲ್ಲಿಯೋ ಒಬ್ಬ ಕೊಳ್ಳುವವನಿದ್ದೇ ಇರುತ್ತಾನೆ.

ಆಧುನಿಕ ಕಾನೂನು ನೊಂದವರ ಕಡೆಗೆ ತಿರುಗಿದ್ದು ತಡವಾಗಿ. ಬಹುಕಾಲ ನ್ಯಾಯಾಲಯದಲ್ಲಿ ಸರ್ಕಾರ ಒಂದು ಕಡೆ, ಆರೋಪಿ ಒಂದು ಕಡೆ. ಪೆಟ್ಟು ತಿಂದವನು ಬರಿಯ ಸಾಕ್ಷಿ. ವಿಶ್ವಸಂಸ್ಥೆಯ ಮಹಾಸಭೆಯು 1985ರ ನವೆಂಬರ್ 29ರಂದು ಅಪರಾಧ ಸಂತ್ರಸ್ತರಿಗೆ ನ್ಯಾಯ ಒದಗಿಸುವ ಮೂಲತತ್ತ್ವಗಳ ಘೋಷಣೆಯನ್ನು ಅಂಗೀಕರಿಸಿತು. ಭಾರತದಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ 357ಎ ಪ್ರಕರಣವು 2009ರ ಡಿಸೆಂಬರ್ 31ರಂದು ಜಾರಿಗೆ ಬಂದು, ರಾಜ್ಯಗಳು ಪರಿಹಾರ ಯೋಜನೆಯನ್ನು ರೂಪಿಸಬೇಕೆಂದು ವಿಧಿಸಿತು. ಕರ್ನಾಟಕವು 2011ರಲ್ಲಿ ತನ್ನ ಯೋಜನೆಯನ್ನು ತಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಪ್ರಕರಣವು ಅದನ್ನೇ ಮುಂದುವರಿಸಿದೆ. ಅಪರಾಧದಿಂದ ನಷ್ಟಕ್ಕೋ ಗಾಯಕ್ಕೋ ಒಳಗಾಗಿ ಪುನರ್ವಸತಿ ಬೇಕಾದವರಿಗೂ ಅವರ ಅವಲಂಬಿತರಿಗೂ ಇದು ಸಲ್ಲುತ್ತದೆ. ಅಪರಾಧಿ ಪತ್ತೆಯಾಗದೆ, ಮೊಕದ್ದಮೆಯೇ ನಡೆಯದಿದ್ದರೂ ಸಂತ್ರಸ್ತರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಪ್ರಾಧಿಕಾರವು ಎರಡು ತಿಂಗಳೊಳಗೆ ವಿಚಾರಣೆ ಮುಗಿಸಿ ಪರಿಹಾರ ಕೊಡತಕ್ಕದ್ದು. ಕಳ್ಳ ಸಿಕ್ಕದಿದ್ದರೆ ಕೋಶದಿಂದ ಕೊಡು ಎಂದ ಗೌತಮನ ಮಾತು ಬಹಳ ಸುತ್ತಿಕೊಂಡು ಮತ್ತೆ ಮನೆಗೆ ಬಂದಂತಾಯಿತು.

ತನಿಖೆಯ ಪ್ರಗತಿಯನ್ನು ತೊಂಬತ್ತು ದಿನಗಳೊಳಗೆ ದೂರುದಾರರಿಗೂ ಸಂತ್ರಸ್ತರಿಗೂ ಪೊಲೀಸರು ತಿಳಿಸಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಮಹಿಳೆಯರಿಗೂ ಮಕ್ಕಳಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಮೇರೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಅತ್ಯಾಚಾರಕ್ಕೂ ಆಮ್ಲದ ದಾಳಿಗೂ ತುತ್ತಾದವರಿಗೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. ಇವೆಲ್ಲವೂ ಕಾಗದದ ಮೇಲಿವೆ. ಕಾಗದದಿಂದ ಮನೆಗೆ ತಲುಪಿಸುವವರು ಬೇಕು. ಬಸದಿಯ ಟ್ರಸ್ಟು ಮಾಡಬಹುದಾದ ಕೆಲಸ ಅಲ್ಲಿದೆ. ಠಾಣೆಗೆ ಒಂಟಿಯಾಗಿ ಹೋಗಲು ಅಂಜುವವರ ಜೊತೆಗೆ ತಿಳಿವಳಿಕಸ್ಥ ಹಿರಿಯರೊಬ್ಬರು, ಹೆಣ್ಣುಮಕ್ಕಳ ಜೊತೆಗೆ ಹಿರಿಯ ಶ್ರಾವಕಿಯೊಬ್ಬರು ಹೋಗುವುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ಹಕ್ಕೆಂದು ತಿಳಿಸುವುದು. ಸರ್ಕಾರದ ಪರಿಹಾರ ಬರುವವರೆಗೆ ಆಸ್ಪತ್ರೆಯ ಬಿಲ್ಲಿಗೂ ಮಕ್ಕಳ ಶಾಲೆಯ ಶುಲ್ಕಕ್ಕೂ ಒಂದು ಚಿಕ್ಕ ನಿಧಿಯಿಂದ ಕೈಗಡ ಕೊಡುವುದು. ಇದಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ, ಶಂಕುಸ್ಥಾಪನೆಯೂ ಬೇಕಾಗಿಲ್ಲ. ಬಹುಶಃ ಅದರಿಂದಲೇ ಇಂತಹ ನಿಧಿಗಳು ವಿರಳ.

ಗೋಪ್ಯತೆಯೂ ಅಷ್ಟೇ ಮುಖ್ಯವಾದುದು. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತನ್ನು ಪ್ರಕಟಿಸುವುದು ಕಾನೂನಿನ ಪ್ರಕಾರ ಅಪರಾಧ. ಆಡಳಿತ ಮಂಡಳಿಯ ನಡವಳಿ ಪುಸ್ತಕದಲ್ಲಿ ಹೆಸರು ಬರೆದು ಸಭೆಯಲ್ಲಿ ಓದುವುದೂ ಆ ದಾರಿಯಲ್ಲಿಯೇ ಹೋಗುತ್ತದೆ. ಮೌನ ಮತ್ತು ಗೋಪ್ಯ ಒಂದೇ ಅಲ್ಲ. ಮೌನವು ಅಪರಾಧಿಯನ್ನು ಕಾಪಾಡುತ್ತದೆ, ಗೋಪ್ಯವು ನೊಂದವರನ್ನು ಕಾಪಾಡುತ್ತದೆ. ಹಾಗೆಯೇ ಬಸದಿಯಲ್ಲಿ ಕಳವಾದಾಗ ಮೊದಲ ಸಂಶಯ ಬಡ ಪುರೋಹಿತರ ಮೇಲೂ ಕಾವಲುಗಾರನ ಮೇಲೂ ಬೀಳುವುದುಂಟು. ಕಳ್ಳರು ಕಟ್ಟಿಹಾಕಿ ಹೊಡೆದವನನ್ನೇ ಮರುದಿನ ಧರ್ಮದರ್ಶಿಗಳು ಅನುಮಾನದಿಂದ ಪ್ರಶ್ನಿಸಿದರೆ, ಅವನಿಗೆ ಎರಡನೆಯ ಪೆಟ್ಟು ಬಿದ್ದಂತೆಯೇ. ಬಿಂಬದ ಬೆಲೆಯನ್ನು ವಿಮಾ ಕಂಪೆನಿಗೆ ಬರೆದು ಕಳುಹಿಸುವ ಟ್ರಸ್ಟು ಅವನ ಮುರಿದ ಕೈಯ ವೈದ್ಯವೆಚ್ಚವನ್ನೂ ಅದೇ ದಿನ ಬರೆದುಕೊಳ್ಳಬೇಕು.

ಬೆಳಗೊಳದ ಕಲ್ಲಿನ ಕೊನೆಯಲ್ಲಿ ಕೆಲವು ಸಾಲುಗಳು ಬೇರೆಯಾಗಿ ಸೇರಿಕೊಂಡಿವೆ. ಕಲ್ಲೆಹದ ಹರ್ವಿ ಸೆಟ್ಟಿಯ ಸುಪುತ್ರ ಬುಸುವಿ ಸೆಟ್ಟಿಯು ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರವನ್ನು ಮಾಡಿಸಿದನೆಂದು ಅವು ತಿಳಿಸುತ್ತವೆ. ಸೆಟ್ಟಿಯು ದಂಡನಾಯಕನಲ್ಲ, ಆಚಾರ್ಯನಲ್ಲ. ತೀರ್ಪು ಬಂದಿತೆಂದು ಮನೆಗೆ ಹೋಗಿ ಮಲಗದೆ, ಅದು ಜಾರಿಯಾಗುವವರೆಗೆ ಬೆನ್ನುಹತ್ತಿದ ಒಬ್ಬ ವರ್ತಕ. ಎರಡು ಸಮಯದವರೂ, ಎಂದರೆ ದೂರಿಗೆ ಗುರಿಯಾದ ವೈಷ್ಣವರೂ ದೂರು ಕೊಟ್ಟ ಜೈನರೂ, ಒಟ್ಟಾಗಿ ನಿಂತು ಅವನಿಗೆ ಸಂಘನಾಯಕ ಎಂಬ ಪಟ್ಟವನ್ನು ಕಟ್ಟಿದರು.